ಬಗಲು ಹರಿದ ಹೀರೋ

ಮೆಹಬೂಬ್ ಸಾಬ್ ನದಾಫರ ವೀಸಾ ಬರುವುದಕ್ಕೆ ಹನ್ನೆರಡು ವರ್ಷ ಹಿಡಿಯಿತು. ಅರ್ಜಿ ಹಾಕಿದ್ದು ತಂಗಿ ಜರೀನಾ. ಅವಳು ಇಂಜಿನಿಯರ್ ಕಲೀಮನನ್ನು ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಡ್ಯಾನ್‌ವಿಲ್ಲಿನಲ್ಲಿ ಮನೆ ಮಾಡಿ, ಅಲ್ಲಿಯ ಪೌರತ್ವ ಸಿಕ್ಕ ವರ್ಷವೇ ಅಣ್ಣ ಅತ್ತಿಗೆ ಇಬ್ಬರ ಹೆಸರನ್ನೂ ಬರೆದು ಕಳಿಸಿದ್ದಳು. ಗದಗ-ಬೆಟಗೇರಿಯ ಹೊಲಿಗೆ ಅಂಗಡಿಯಲ್ಲಿ ಕೂತು ಸಾಬರು ಆ ಸಂಗತಿಯನ್ನು ಮರೆತೇಬಿಟ್ಟಿದ್ದರು. ಹೆಂಡತಿ ಹುಸೇನಬಿ ಮಾತ್ರ ಮರೆತಿರಲಿಲ್ಲ. ವಿಮಾನ ಹತ್ತುವ ದಿನ ಉಡಲಿಕ್ಕೆಂದು ಒಂದು ಹೊಸ ಸೀರೆಯನ್ನು ಟ್ರಂಕಿನ ತಳದಲ್ಲಿ ಮಡಿಸಿ ಇಟ್ಟಿದ್ದಳು. ತೊಂಬತ್ತೈದರ ಬೇಸಿಗೆಯಲ್ಲಿ ಕಾಮಾಲೆ ಹಿಡಿದು ಇಪ್ಪತ್ತು ದಿನದಲ್ಲಿ ಅವಳು ಹೋದಳು. ಎರಡು ವರ್ಷ ಕಳೆದ ಮೇಲೆ ಮದ್ರಾಸಿನ ಅಮೆರಿಕನ್ ವೀಸಾ ಕಚೇರಿಯಿಂದ ಪತ್ರ ಬಂತು, ಗಂಡ ಹೆಂಡತಿ ಇಬ್ಬರೂ ಬರುವುದು ಎಂದು. ಸಂದರ್ಶನದ ಕಿಟಕಿಯಲ್ಲಿ ಕೂತಿದ್ದ ಅಧಿಕಾರಿ ಎರಡನೆಯ ಹೆಸರಿನ ಮೇಲೆ ಬೆರಳಿಟ್ಟು ತಲೆಯೆತ್ತಿದ. ಸಾಬರು ಮರಣದ ದಾಖಲೆಯನ್ನು ಕಿಂಡಿಯೊಳಗೆ ಸರಿಸಿದರು. ಅವನು ಒಂದು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದ.

ಮಕ್ಕಳಿರಲಿಲ್ಲ. ನದಾಫರ ಮನೆತನ, ಅಜ್ಜನ ಕಾಲಕ್ಕೆ ಅರಳೆ ಹಿಂಜಿ ಗಾದಿ ಹೊಲಿದು ಬದುಕಿದವರು, ಮನೆಯಲ್ಲಿ ಆಡುತ್ತಿದ್ದದ್ದು ಅಚ್ಚ ಗದಗಿನ ಕನ್ನಡ. ಐವತ್ತೊಂದನೆಯ ವಯಸ್ಸಿನಲ್ಲಿ ಸಾಬರು ಒಂದು ಕತ್ತರಿ, ಒಂದು ಟೇಪು, ನಾಲ್ಕು ಜೊತೆ ಬಟ್ಟೆ ಹಿಡಿದು ಡ್ಯಾನ್‌ವಿಲ್ಲಿಗೆ ಬಂದಿಳಿದರು.

ಡ್ಯಾನ್‌ವಿಲ್ಲಿನ ಮನೆ ದೊಡ್ಡದು. ಬೆಳಿಗ್ಗೆ ಎಂಟಕ್ಕೆ ಕಲೀಮ್ ಆಫೀಸಿಗೆ, ಜರೀನಾ ಬ್ಯಾಂಕಿನ ಕೆಲಸಕ್ಕೆ, ಅವರ ಮಗಳು ಅಮ್ರೀನ್ ಸ್ಕೂಲಿಗೆ ಹೋದರೆ ಸಂಜೆಯ ತನಕ ಫ್ರಿಜ್ಜಿನ ಸದ್ದೊಂದೇ. ಸಾಬರು ಹೊರಗೆ ಹೋಗಿ ನಡೆದರೆ ಬೀದಿಯಲ್ಲಿ ನಡೆಯುವವರು ಅವರೊಬ್ಬರೇ. ಒಮ್ಮೆ ಪೊಲೀಸಿನವನು ಕಾರು ನಿಲ್ಲಿಸಿ, ದಾರಿ ತಪ್ಪಿದೆಯೇ ಎಂದು ಬಲು ಮರ್ಯಾದೆಯಿಂದ ಕೇಳಿದ. ಅಂದಿನಿಂದ ನಡೆಯುವುದನ್ನೂ ಬಿಟ್ಟರು. ಗ್ಯಾರೇಜಿನಲ್ಲಿ ಒಂದು ಮಷೀನು ಇಟ್ಟುಕೊಂಡು ಮನೆಯ ಪರದೆಗಳಿಗೆಲ್ಲ ಅಂಚು ಮಡಿಸಿದರು, ದಿಂಬಿನ ಚೀಲ ಹೊಲಿದರು, ಕಲೀಮನ ಪ್ಯಾಂಟುಗಳನ್ನೆಲ್ಲ ಸರಿಮಾಡಿದರು. ಆರು ತಿಂಗಳಿಗೆ ಆ ಮನೆಯಲ್ಲಿ ಹೊಲಿಯಲಿಕ್ಕೆ ಏನೂ ಉಳಿಯಲಿಲ್ಲ.

ಅಮ್ರೀನ್ ಕೆಟ್ಟ ಹುಡುಗಿಯಲ್ಲ. "ಊಟ ಆತೇನವಾ?" ಎಂದು ಕೇಳಿದರೆ "ಯಾ, ಐ ಏಟ್, ಮಾಮೂ" ಎನ್ನುತ್ತಿದ್ದಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಇಂಗ್ಲಿಷು ಸಾಬರಿಗೆ ಅಷ್ಟಿಷ್ಟು ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಎರಡು ಮಾತು ಆದ ಮೇಲೆ ಇಬ್ಬರೂ ನಕ್ಕು ಸುಮ್ಮನಾಗುತ್ತಿದ್ದರು. ಆಮೇಲೆ ಅವಳು ಮಹಡಿ ಹತ್ತಿ ಹೋಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಗಿಯರಿ ರಸ್ತೆಯ ಒಂದು ಡ್ರೈಕ್ಲೀನಿಂಗ್ ಅಂಗಡಿಗೆ ಬಟ್ಟೆ ತಿದ್ದುವವರು ಬೇಕು, ಇರಲಿಕ್ಕೆ ಅಂಗಡಿಯ ಹಿಂದೆ ಒಂದು ಕೋಣೆಯೂ ಉಂಟು ಎಂದು ಕಲೀಮನ ಗೆಳೆಯರೊಬ್ಬರು ಹೇಳಿದರು. ಸಾಬರು ಆ ವಾರವೇ ಹೊರಟರು. ಜರೀನಾ ಅತ್ತಳು. "ಹನ್ನೆರಡ ವರ್ಷ ಕಾದು ಕರಿಸಿದ್ದು ಬ್ಯಾರೆ ಊರಾಗ ಇರ್ಲಿ ಅಂತೇನ?" ಎಂದಳು. ಸಾಬರು, "ಕೈಗೆ ಕೆಲಸ ಬೇಕವಾ" ಎಂದಷ್ಟೇ ಹೇಳಿದರು.

ಅದು ಇಂಟರ್ನೆಟ್ ಕಂಪನಿಗಳು ಬೀದಿಗೊಂದರಂತೆ ಎದ್ದು ನಿಲ್ಲುತ್ತಿದ್ದ ಕಾಲ. ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಇಪ್ಪತ್ತೈದು ದಾಟದ ಹುಡುಗರು. ವರ್ಷವಿಡೀ ಟೀ ಶರ್ಟಿನಲ್ಲಿ ಇದ್ದವರಿಗೆ ಯಾವುದೋ ದೊಡ್ಡ ಮೀಟಿಂಗು ಬಂದಾಗ ಸೂಟು ಬೇಕಾಗುತ್ತಿತ್ತು. ತಂದು, ಸಣ್ಣ ಮಣೆಯ ಮೇಲೆ ಹತ್ತಿ ನಿಂತು, ಫೋನು ಕಿವಿಗಿಟ್ಟುಕೊಳ್ಳುತ್ತಿದ್ದರು. ಸಾಬರು ಮೊಣಕಾಲೂರಿ ಪ್ಯಾಂಟಿನ ಅಂಚಿಗೆ ಪಿನ್ನು ಚುಚ್ಚುವಾಗ ಅವರ ತಲೆಯ ಮೇಲೆ ಯಾರೋ ಯಾರ ಹತ್ತಿರವೋ ಮಾತಾಡುತ್ತಲೇ ಇರುತ್ತಿದ್ದರು. ಹಾಗೆ ಎರಡು ವರ್ಷ ಹೋಯಿತು. ಅಂಗಡಿಯ ಒಡತಿ ಚೀನೀ ಅಜ್ಜಿ ಬೆಳಿಗ್ಗೆ "ಗುಡ್ ಮಾರ್ನಿಂಗ್ ಮಿಸ್ಟರ್" ಎನ್ನುತ್ತಿದ್ದಳು, ಸಂಜೆ "ಗುಡ್ ನೈಟ್ ಮಿಸ್ಟರ್". ಶುಕ್ರವಾರ ನಮಾಜಿಗೆ ಹೋದಾಗ ಪಕ್ಕದವರು ಸಲಾಮು ಹೇಳುತ್ತಿದ್ದರು. ತಿಂಗಳಿಗೊಂದು ಭಾನುವಾರ ಜರೀನಾ ಕರೆದುಕೊಂಡು ಹೋಗಿ ಬಿರಿಯಾನಿ ಬಡಿಸುತ್ತಿದ್ದಳು. ಸಾಬರ ಮಾತುಕತೆ ಎಂದರೆ ಇಷ್ಟೇ.

ಎರಡು ಸಾವಿರದ ಇಸವಿಯ ಫೆಬ್ರವರಿಯಲ್ಲಿ, ಮಳೆ ಹಿಡಿದು ಕೂತಿದ್ದ ಒಂದು ಬುಧವಾರ, ಒಬ್ಬ ಹುಡುಗಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಳದಿ ಉಡುಪು ತಂದು ಅಜ್ಜಿಯ ಕೈಗೆ ಕೊಟ್ಟು ಹೋದಳು. ಸೊಂಟ ಸಡಿಲ ಮಾಡಬೇಕು, ಕಾಲು ಮೂರು ಇಂಚು ಮೋಟು ಮಾಡಬೇಕು, ಶುಕ್ರವಾರಕ್ಕೆ ಬೇಕು ಎಂದು ಚೀಟಿಯಲ್ಲಿ ಅಳತೆ ಸಮೇತ ಬರೆದಿತ್ತು. ಸಾಬರು ಬಿಚ್ಚಿ ನೋಡಿದರು. ಮೈಗಂಟುವ ಬಟ್ಟೆ, ಬೆನ್ನಿಗೆ ಕೆಂಪು ಹೊದಿಕೆ, ಮುಖಕ್ಕೆ ಮೂಗಿನ ತನಕ ಮುಚ್ಚುವ ಮುಖವಾಡ. ಎದೆಯ ಮೇಲೆ ಲಕೋಟೆಯ ಚಿತ್ರ. ಕಾಲು, ಸೊಂಟ ಮುಗಿಸಿದ ಮೇಲೆ ಬಲಬಗಲು ಹರಿದದ್ದು ಕಣ್ಣಿಗೆ ಬಿತ್ತು. ಚೀಟಿಯಲ್ಲಿ ಅದರ ಮಾತಿರಲಿಲ್ಲ. ಮರೆತಿರಬೇಕು ಎಂದುಕೊಂಡು, ಒಳಗಡೆಯಿಂದ ಒಂದು ತುಂಡು ಬಟ್ಟೆ ಕೊಟ್ಟು, ಆನೆ ಎಳೆದರೂ ಬಿಡದ ಹಾಗೆ ಎರಡೆರಡು ಸಲ ಹೊಲಿದರು.

ಶುಕ್ರವಾರ ಹುಡುಗಿ ಬಂದಳು. ಉಡುಪನ್ನು ಕೌಂಟರಿನ ಮೇಲೆ ಹರಡಿ, ತೋಳೆತ್ತಿ ನೋಡಿ, ಹಣೆ ಬಡಿದುಕೊಂಡಳು.

"ಅಯ್ಯೋ ದೇವ್ರೇ! ಇದನ್ಯಾಕೆ ಹೊಲ್ದುಬಿಟ್ರು!"

ಅದು ಅವಳು ತನ್ನಷ್ಟಕ್ಕೆ ಆಡಿಕೊಂಡ ಮಾತು. ಒಳಗೆ ಇಸ್ತ್ರಿ ಮಾಡುತ್ತಿದ್ದ ಸಾಬರು ಪರದೆ ಸರಿಸಿ ಹೊರಗೆ ಬಂದರು.

"ಹರದಿತ್ತಲ್ಲವಾ, ಅದಕ್ಕ ಹೊಲದೆ."

ಹುಡುಗಿ ಬಾಯಿ ತೆರೆದು ನಿಂತಳು. "ಅಂಕಲ್... ನೀವು ಕನ್ನಡದವ್ರಾ?"

"ಗದಗಿನಾಂವ. ಬೆಟಗೇರಿ."

"ನಾನು ಮೈಸೂರು! ರಂಜನಿ ಅಂತ. ನಾನು ಎದುರುಗಡೆ ಬಸ್ ಸ್ಟಾಪಲ್ಲೇ ದಿನಾ ಇಳೀತೀನಿ, ನಿಮ್ಮನ್ನ ಎಷ್ಟ್ ಸಲ ನೋಡಿದೀನಿ!" ಎಂದಳು. ಆಮೇಲೆ ಉಡುಪಿನ ನೆನಪಾಗಿ ಮುಖ ಸಣ್ಣದಾಯಿತು. "ಅಂಕಲ್, ಇದು ಹರಿದೇ ಇರ್ಬೇಕಿತ್ತು. ಅದೇ ಜೋಕು."

ಅವಳು ವಿವರಿಸಿದಳು. ಅವಳ ಕಂಪನಿ ಸಿನಿಮಾ ನೋಡಿದ ಸಾಮಾನ್ಯ ಜನರ ಅಭಿಪ್ರಾಯ ಕೂಡಿಸಿ ಇಂಟರ್ನೆಟ್ಟಿನಲ್ಲಿ ಹಾಕುತ್ತದೆ. ಫ್ರಾನ್ಸಿನವರು ಒಂದು ತಮಾಷೆಯ ಸಿನಿಮಾ ಮಾಡಿದ್ದಾರೆ, ಸೂಪರ್‌ಹೀರೋಗಳನ್ನು ಗೇಲಿ ಮಾಡುವಂಥದ್ದು. ಅಮೆರಿಕದವರು ಇದಕ್ಕೆ ನಗುತ್ತಾರೋ ಇಲ್ಲವೋ ಎಂದು ತಿಳಿಯಬೇಕಂತೆ. ಶನಿವಾರ, ಭಾನುವಾರ ಎರಡೆರಡು ಆಟ, ಮೂರು ಬೀದಿ ಆಚೆಯ ಸಣ್ಣ ಥಿಯೇಟರಿನಲ್ಲಿ. ಸಿನಿಮಾದ ಹೀರೋ ಒಂದು ಸಣ್ಣ ಊರಿನ ಅಂಚೆ ಕಚೇರಿಯ ಗುಮಾಸ್ತ. ಹಾರಬಲ್ಲ, ಬಸ್ಸು ಎತ್ತಬಲ್ಲ. ಆದರೆ ಹಾರಲಿಕ್ಕೆ ಕೈ ಎತ್ತಿದ ಕೂಡಲೇ ಬಗಲು ಪರ್ರೆಂದು ಹರಿಯುತ್ತದೆ. ನಾಚಿಕೆಗೆ ಒಂದು ಕೈಯನ್ನು ಮೈಗೆ ಒತ್ತಿಕೊಂಡು ಒಂದೇ ಕೈಯಲ್ಲಿ ಊರು ಕಾಯುತ್ತಾನೆ. ಈ ಉಡುಪು ತೊಟ್ಟ ಮನುಷ್ಯನೊಬ್ಬ ಲಾಬಿಯಲ್ಲಿ ನಿಂತು ಜನರಿಂದ ಅಭಿಪ್ರಾಯದ ಕಾರ್ಡು ಬರೆಸಿಕೊಳ್ಳಬೇಕು.

ಸಾಬರು ಎಲ್ಲ ಕೇಳಿಸಿಕೊಂಡು, ಸಣ್ಣ ಕತ್ತರಿ ತೆಗೆದುಕೊಂಡು ಕೂತರು. "ಮೂವತ್ತೈದ ವರ್ಷಾತು ಹೊಲ್ಯಾಕತ್ತು. ಹೊಲದದ್ದನ್ನ ಹರದ ಕೊಡ್ರಿ ಅಂದಾಕಿ ನೀನ ಮೊದಲನೇದಾಕಿ" ಎನ್ನುತ್ತ ಒಂದೊಂದೇ ಹೊಲಿಗೆ ಬಿಚ್ಚಿದರು. ರಂಜನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಾಬರ ಮುಖದಲ್ಲೂ ನಗು ಬಂತು. ಬಿಚ್ಚುವುದಕ್ಕೆ ಹತ್ತು ನಿಮಿಷ ಸಾಕಿತ್ತು. ಅವರು ಅರ್ಧ ಗಂಟೆ ಮಾಡಿದರು.

ಮರುದಿನ ಹನ್ನೊಂದು ಗಂಟೆಗೆ ರಂಜನಿ ಮಳೆಯಲ್ಲಿ ನೆನೆದುಕೊಂಡು ಓಡಿ ಬಂದಳು. ಉಡುಪು ತೊಡಬೇಕಿದ್ದ ನಟನಿಗೆ ಲಾಸ್ ಏಂಜಲೀಸಿನಲ್ಲಿ ಯಾವುದೋ ಜಾಹೀರಾತಿನ ಕೆಲಸ ಸಿಕ್ಕಿ, ರಾತ್ರೋರಾತ್ರಿ ಹೊರಟುಹೋಗಿದ್ದ. ಅವಳು ಸಾಬರನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಅದೇ ಎತ್ತರ, ಅದೇ ಸೊಂಟ.

"ಅಂಕಲ್, ಕೋಪ ಮಾಡ್ಕೋಬೇಡಿ. ಒಂದೇ ಒಂದು ಹೆಲ್ಪು."

"ಹುಚ್ಚ ಹಿಡದೈತೇನು ನಿನಗ! ಐವತ್ನಾಕ ವರ್ಷದ ಮುದುಕ ನಾನು."

"ಮುಖ ಕಾಣ್ಸಲ್ಲ ಅಂಕಲ್. ಮಾತಾಡೋದೂ ಬೇಡ. ಸುಮ್ನೆ ನಿಂತ್ಕೊಂಡು ಕಾರ್ಡು ಕೊಟ್ಟು, ವಾಪಸ್ ಇಸ್ಕೊಳ್ಳೋದು ಅಷ್ಟೇ. ಪ್ಲೀಸ್. ನನ್ನ ಕೆಲ್ಸ ಹೋಗತ್ತೆ."

ಸಾಬರು ಅಜ್ಜಿಯ ಕಡೆ ನೋಡಿದರು. ಅಜ್ಜಿಗೆ ಕನ್ನಡ ಅರ್ಥವಾಗದಿದ್ದರೂ ವಿಷಯ ಅರ್ಥವಾಗಿತ್ತು. "ಗೋ, ಮಿಸ್ಟರ್, ಗೋ" ಎಂದು ಕೈ ಬೀಸಿದಳು.

ಥಿಯೇಟರಿನ ಶೌಚಾಲಯದಲ್ಲಿ ಉಡುಪು ತೊಟ್ಟು, ಹೊದಿಕೆಯನ್ನು ಮುಂದಕ್ಕೆ ಎಳೆದುಕೊಂಡು, ಮುಖವಾಡ ಕಟ್ಟಿ ಸಾಬರು ಕನ್ನಡಿ ನೋಡಿದರು. ಹುಸೇನಬಿ ಇದ್ದಿದ್ದರೆ ಏನೆನ್ನುತ್ತಿದ್ದಳೋ ಎಂದು ಯೋಚಿಸಿ, ಬೇಗ ಹೊರಗೆ ಬಂದರು. ಬಲಗೈಯನ್ನು ಮೈಗೆ ಒತ್ತಿಕೊಂಡಿದ್ದರು. ಅದು ನಿಜವಾದ ನಾಚಿಕೆ. ಲಾಬಿಯಲ್ಲಿ ಸಾಲು ನಿಂತಿದ್ದ ಜನ ಅದನ್ನು ಕಂಡು ಘೊಳ್ಳೆಂದು ನಕ್ಕರು.

ಆಟ ಶುರುವಾಗುವ ಮೊದಲು, ಮುಗಿದ ಮೇಲೆ, ಅವರು ಅಲ್ಲಿ ನಿಂತರು. ಕಾರ್ಡಿನಲ್ಲಿ ನಾಲ್ಕು ಪ್ರಶ್ನೆ: ನಕ್ಕಿರಾ, ಎಲ್ಲಿ ನಕ್ಕಿರಿ, ಎಲ್ಲಿ ಬೇಸರವಾಯಿತು, ಗೆಳೆಯರಿಗೆ ನೋಡಲು ಹೇಳುತ್ತೀರಾ. ಕಾರ್ಡು ತುಂಬಿದವರಿಗೆ ಹೀರೋ ಜೊತೆ ಒಂದು ಫೋಟೋ, ತೆಗೆದ ಕೂಡಲೇ ಕ್ಯಾಮೆರಾದ ಬಾಯಿಂದ ಹೊರಬರುವಂಥದ್ದು. ರಂಜನಿ ಕ್ಯಾಮೆರಾ ಹಿಡಿದಿದ್ದಳು. ಜನ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ನಿಂತರು. ಒಬ್ಬ ಹೆಗಲ ಮೇಲೆ ಕೈ ಹಾಕಿದ. ಒಬ್ಬ ಗಡ್ಡದ ಮುದುಕ ಬೆನ್ನು ತಟ್ಟಿ ಏನೋ ಉದ್ದಕ್ಕೆ ಫ್ರೆಂಚಿನಲ್ಲಿ ಹೇಳಿದ. ಬೆಳ್ಳಿಗೂದಲಿನ ಹೆಂಗಸೊಬ್ಬಳು ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡು, ತನ್ನ ಗಂಡನೂ ಅಂಚೆ ಕಚೇರಿಯಲ್ಲಿ ಇದ್ದ ಎಂದು ಹೇಳಿ ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ನಾಲ್ಕನೆಯವನೋ ಐದನೆಯವನೋ ಹೆಗಲಿಗೆ ಕೈ ಹಾಕಿದಾಗ ಸಾಬರು ಕಾರ್ಡು ಹಂಚುವುದನ್ನೇ ಮರೆತರು. ಎರಡು ವರ್ಷದಿಂದ ಅವರು ದಿನಕ್ಕೆ ಹತ್ತು ಜನರ ಮೈ ಮುಟ್ಟುತ್ತಿದ್ದರು, ಸೊಂಟ, ತೋಳು, ಕಾಲು ಎಲ್ಲ ಅಳೆಯುತ್ತಿದ್ದರು. ಅವರನ್ನು ಯಾರೂ ಮುಟ್ಟಿರಲಿಲ್ಲ. ಈದ್ ಹಬ್ಬದ ದಿನ ಮಸೀದಿಯಲ್ಲಿ ಮೂರು ಸಲ ಅಪ್ಪಿಕೊಳ್ಳುವುದನ್ನು ಬಿಟ್ಟರೆ, ಕೊನೆಯದಾಗಿ ಹೆಗಲ ಮೇಲೆ ಕೈಯಿಟ್ಟವರು ಹುಸೇನಬಿಯನ್ನು ಮಣ್ಣು ಮಾಡಿ ಹಿಂತಿರುಗುವಾಗ ಜೊತೆಗೆ ನಡೆದ ಓಣಿಯ ಜನ. ಮುಖವಾಡದೊಳಗೆ ಕಣ್ಣು ತುಂಬಿದ್ದು ಯಾರಿಗೂ ಕಾಣಲಿಲ್ಲ.

ಭಾನುವಾರ ಮೊದಲ ಆಟದ ಹೊತ್ತಿಗೆ ಸಾಬರು ಬಾಗಿಲ ಹತ್ತಿರ ನಿಂತು ಸಿನಿಮಾ ನೋಡಿದರು. ಭಾಷೆ ಫ್ರೆಂಚು, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ಮುಗಿಸುವಷ್ಟರಲ್ಲಿ ಮಾಯ. ಆದರೂ ಕತೆ ತಿಳಿಯಿತು. ಆಟ ಮುಗಿದ ಮೇಲೆ ರಂಜನಿ ಟಿಕೆಟ್ ಕೋಣೆಯಲ್ಲಿ ಕೂತು, ಡಬ್ಬಿಯಲ್ಲಿ ತಂದ ಪುಳಿಯೋಗರೆಯನ್ನು ಎರಡು ಪಾಲು ಮಾಡಿ, ಕಾರ್ಡುಗಳನ್ನು ಕನ್ನಡದಲ್ಲಿ ಓದಿ ಹೇಳಿದಳು.

"ಕೇಳಿ ಅಂಕಲ್. ಒಬ್ಬ ಬರ್ದಿದಾನೆ, 'ಬಸ್ಸು ಎತ್ತೋ ಸೀನಲ್ಲಿ ಕುರ್ಚಿಯಿಂದ ಬಿದ್ದೆ.' ಇನ್ನೊಬ್ಳು, 'ಒಂದೇ ಜೋಕನ್ನ ಎಷ್ಟು ಸಲ ಹೇಳ್ತಾರೆ, ತಲೆನೋವು ಬಂತು.' ಇವ್ರು ನೋಡಿ, 'ನಮ್ಮ ದೇಶದ ಹೀರೋಗಳನ್ನ ಫ್ರಾನ್ಸಿನವರು ಯಾಕೆ ಆಡ್ಕೋತಾರೆ?' ಇದು ಚೆನ್ನಾಗಿದೆ, 'ಈ ಹೀರೋಗೆ ಬೇಕಾಗಿರೋದು ಶಕ್ತಿ ಅಲ್ಲ, ಒಳ್ಳೆ ಟೇಲರು.'"

ಸಾಬರು ಅನ್ನ ನೆತ್ತಿಗೇರಿ ಕೆಮ್ಮುತ್ತಲೇ ನಕ್ಕರು.

"ಸರಿ, ಈಗ ನಿಮ್ಮ ಒಪಿನಿಯನ್ನು ಹೇಳಿ. ಬರ್ಕೋತೀನಿ" ಎಂದು ಅವಳು ಖಾಲಿ ಕಾರ್ಡು ಎಳೆದುಕೊಂಡಳು.

"ನನ್ನದ್ಯಾಕವಾ."

"ಹೇಳಿ ಅಂಕಲ್. ಎಲ್ಲಿ ನಕ್ರಿ?"

"ಬಸ್ಸಿನ್ಯಾಗ ನಕ್ಕೆ. ಪೊಲೀಸರ ಚಡ್ಡಿ ಜಾರಿದಾಗ ನಕ್ಕೆ." ಸಾಬರು ಪುಳಿಯೋಗರೆಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಮನಿಗೆ ಹೋಗಿ ಒಬ್ಬನ ಕುಂತು ಬಗಲ ಹೊಲಕೊಂತಾನಲ್ಲ, ಅಲ್ಲಿ ಎಲ್ಲಾರೂ ನಕ್ಕರು. ನನಗ ನಗು ಬರಲಿಲ್ಲ. ಸೂಜಿಗೆ ದಾರ ಪೋಣಸಾಕ ಬರವಲ್ದು ಅವಗ. ಅಷ್ಟ ದೊಡ್ಡ ಬಸ್ ಎತ್ತಾಂವ, ಎಂಟ ಸಲ ಪ್ರಯತ್ನ ಮಾಡ್ತಾನ. ನಲವತ್ತ ದಾಟಿದ ಮ್ಯಾಲೆ ಕಣ್ಣ ಹಂಗ ಆಗ್ತಾವು. ನನಗ ನನ್ನ ಹೆಂಡತಿ ಪೋಣಸಿ ಕೊಡತಿದ್ಲು. ಮುಂಜಾನೆ ಎದ್ದ ಕೂಡಲೇ ಹನ್ನೆರಡ ಸೂಜಿಗೆ ದಾರ ಹಾಕಿ ಗಾದಿಗೆ ಚುಚ್ಚಿ ಇಡತಿದ್ಲು, ದಿನಾ ಪೂರ್ತಿ ಸಾಲೂವಷ್ಟು."

ರಂಜನಿ ಪೆನ್ನು ಹಿಡಿದೇ ಕೂತಿದ್ದಳು. ಆಮೇಲೆ ಬರೆದಳು. ಅಷ್ಟನ್ನೂ ಬರೆದಳೋ, ಬಸ್ಸಿನ ಮಾತಷ್ಟೇ ಬರೆದಳೋ, ಸಾಬರು ಕೇಳಲಿಲ್ಲ.

ಕೊನೆಯ ಆಟಕ್ಕೆ ಜನ ಬರತೊಡಗಿದಾಗ ಗಾಜಿನ ಬಾಗಿಲ ಆಚೆ ಒಂದು ಹಸಿರು ವ್ಯಾನು ನಿಂತಿತು. ಅದರ ಮುಂದಿನ ಬಂಪರಿನ ನೆಗ್ಗು ಸಾಬರಿಗೆ ಗುರುತಿತ್ತು. ನಾಲ್ಕು ಹುಡುಗಿಯರು ಇಳಿದರು, ಅವರಲ್ಲೊಬ್ಬಳು ಅಮ್ರೀನ್. ಸ್ಕೂಲಿನಲ್ಲಿ ಅವಳು ಫ್ರೆಂಚು ಕಲಿಯುತ್ತಿದ್ದಳು. ಫ್ರೆಂಚ್ ಸಿನಿಮಾ ನೋಡಿ ಒಂದು ಪುಟ ಬರೆದವರಿಗೆ ಹೆಚ್ಚಿಗೆ ಅಂಕ ಎಂದು ಟೀಚರು ಹೇಳಿದ್ದರೆಂಬುದು ಸಾಬರಿಗೆ ಆಮೇಲೆ ತಿಳಿಯಿತು. ವ್ಯಾನು ನಿಲ್ಲಿಸಿ ಜರೀನಾ ಛತ್ರಿ ಹಿಡಿದು ಹಿಂದಿನಿಂದ ಬಂದಳು, ಜೊತೆಗೆ ಇನ್ನೊಬ್ಬ ಹುಡುಗಿಯ ತಾಯಿ.

ಓಡಿಹೋಗಲಿಕ್ಕೆ ಜಾಗವಿರಲಿಲ್ಲ. ಸಾಬರು ಗೋಡೆಗೆ ಬೆನ್ನು ಹಚ್ಚಿ ನಿಂತರು. ಹುಡುಗಿಯರು ಅವರನ್ನು ಕಂಡು ಕಿಸಕ್ಕನೆ ನಕ್ಕು ಒಳಗೆ ಹೋದರು. ಜರೀನಾ ಪೋಸ್ಟರು ನೋಡುತ್ತ ಬಾಗಿಲಲ್ಲಿ ತುಸು ನಿಂತು, ಆಮೇಲೆ ಆ ಹೆಂಗಸಿನ ಜೊತೆ ಹೋಗಿ ಕೂತಳು. ಸಿನಿಮಾ ನಡೆದಷ್ಟು ಹೊತ್ತೂ ಸಾಬರು ಒಂದೇ ಯೋಚನೆ ಮಾಡಿದರು. ಮುಖವಾಡ ತೆಗೆದು "ಅಮ್ರೀನಾ" ಎಂದರೆ ಏನಾಗುತ್ತದೆ? ಹುಡುಗಿ ನಗಬಹುದು. ಗೆಳತಿಯರ ಮುಂದೆ ಕುಗ್ಗಿಹೋಗಲೂಬಹುದು. ಎರಡರಲ್ಲಿ ಯಾವುದೆಂದು ಹೇಳುವಷ್ಟು ಕೂಡ ತನಗೆ ಅವಳು ಗೊತ್ತಿಲ್ಲ ಎನ್ನುವುದು ಅವರಿಗೆ ಆಗ ಹೊಳೆಯಿತು.

ಆಟ ಬಿಟ್ಟ ಮೇಲೆ ಹುಡುಗಿಯರು ಕಾರ್ಡು ಬರೆದು ಫೋಟೋಕ್ಕೆ ಬಂದರು. ಅಮ್ರೀನ್ ಅವರ ಎಡಗಡೆ ನಿಂತಳು. ತೋಳನ್ನು ಅವರ ಹೆಗಲ ಸುತ್ತ ಹಾಕಿ, ತಲೆಯನ್ನು ಅವರ ತಲೆಗೆ ತಾಗಿಸಿ, ನಾಲಿಗೆ ಹೊರಗೆ ಹಾಕಿದಳು. ಡ್ಯಾನ್‌ವಿಲ್ಲಿನ ಮನೆಯಲ್ಲಿದ್ದ ಆರು ತಿಂಗಳಲ್ಲಿ ಅವಳು ಒಂದೇ ಸೋಫಾದಲ್ಲಿ ಅವರ ಪಕ್ಕ ಕೂತವಳಲ್ಲ. ಸಾಬರು ಉಸಿರು ಬಿಗಿಹಿಡಿದು ನಿಂತರು. ಕ್ಯಾಮೆರಾ ಚಕ್ಕೆಂದಿತು. "ಥ್ಯಾಂಕ್ಸ್! ಯು ಆರ್ ಸೋ ಕ್ಯೂಟ್!" ಎಂದು ಅವಳು ಬಗಲು ಹರಿದ ಜಾಗಕ್ಕೆ ಬೆರಳಿನಿಂದ ಕಚಗುಳಿ ಇಟ್ಟು, ಗೆಳತಿಯರ ಹಿಂದೆ ಓಡಿದಳು. ಜರೀನಾ ಛತ್ರಿ ಬಿಡಿಸಿ ಆಗಲೇ ಹೊರಗೆ ಹೋಗಿಯಾಗಿತ್ತು.

ಅಮ್ರೀನ್ ಕೈಗೆ ಕೊಟ್ಟ ಕಾರ್ಡನ್ನು ಸಾಬರು ಪೆಟ್ಟಿಗೆಗೆ ಹಾಕಿರಲಿಲ್ಲ. ಎಲ್ಲರೂ ಹೋದ ಮೇಲೆ ರಂಜನಿಯ ಮುಂದೆ ಹಿಡಿದರು. "ಇದೊಂದ ಓದವಾ."

"'ಸಿನಿಮಾ ಸುಮಾರು. ಒಂದು ಗಂಟೆ ಆದ್ಮೇಲೆ ಬೋರು. ಲಾಬಿಯಲ್ಲಿ ನಿಂತಿದ್ದ ಮನುಷ್ಯ ಸಿನಿಮಾಕ್ಕಿಂತ ಚೆನ್ನಾಗಿದ್ದ. ಅವನ್ನ ಮನೆಗೆ ಕರ್ಕೊಂಡ್ ಹೋಗ್ಬೇಕು ಅನ್ನಿಸ್ತು.' ಅಂಕಲ್, ಫ್ಯಾನು ನಿಮಗೆ!"

"ಹೂಂ" ಎಂದರು ಸಾಬರು. ಕಾರ್ಡು ತೆಗೆದುಕೊಂಡು ಇನ್ನೊಮ್ಮೆ ನೋಡಿ, ಉಳಿದವುಗಳ ಜೊತೆ ಪೆಟ್ಟಿಗೆಗೆ ಹಾಕಿದರು. ಅದು ಯಾರು ಬರೆದದ್ದೆಂದು ಹೇಳಲಿಲ್ಲ. ಉಡುಪು ಕಳಚಿ ಮಡಿಸಿ ಕೊಟ್ಟು, ಮಳೆಯಲ್ಲೇ ಕೋಣೆಗೆ ನಡೆದರು.

ಮಾರ್ಚಿನಲ್ಲಿ ಬಕ್ರೀದು ಬಂತು. ಆ ಭಾನುವಾರ ಜರೀನಾ ಬಂದು ಕರೆದುಕೊಂಡು ಹೋದಳು. ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲ ಮೇಲೆ, ಸ್ಕೂಲಿನ ಕ್ಯಾಲೆಂಡರಿನ ಪಕ್ಕ, ಆ ಫೋಟೋ ಇತ್ತು. ಹಳದಿ ಉಡುಪಿನ ಮನುಷ್ಯ ಮರದಂತೆ ನೆಟ್ಟಗೆ ನಿಂತಿದ್ದ, ಅವನಿಗೆ ಒರಗಿ ಅಮ್ರೀನ್ ನಾಲಿಗೆ ಹೊರಗೆ ಹಾಕಿದ್ದಳು. ಅಮ್ರೀನ್ ಕೆಳಗೆ ಬಂದು, "ಈದ್ ಮುಬಾರಕ್, ಮಾಮೂ" ಎಂದು ದೂರದಿಂದಲೇ ಕೈ ಎತ್ತಿ, ತಟ್ಟೆಗೆ ಬಡಿಸಿಕೊಂಡು ಮೇಲೆ ಹೋದಳು. ಕಲೀಮ್ ಯಾರ ಜೊತೆಗೋ ಫೋನಿನಲ್ಲಿದ್ದ.

ಜರೀನಾ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಅಣ್ಣಾ, ಅದರಾಗ ಇದ್ದಾಂವ ನೀನ."

ಸಾಬರು ನೀರಿನ ಲೋಟ ಕೆಳಗಿಟ್ಟರು.

"ಬಾಗಲದಾಗ ಕಾಲ ಇಟ್ಟ ಕೂಡಲೇ ಗೊತ್ತಾತು. ಬಲಗಾಲಿನ ಮ್ಯಾಲೆ ಭಾರ ಹಾಕಿ ನಿಂದ್ರೂದು, ಅಪ್ಪಾನೂ ಹಂಗ ನಿಂದ್ರತಿದ್ದ."

"ಮತ್ತ ಯಾಕ ಕರೀಲಿಲ್ಲ?"

"ಹುಡುಗ್ಯಾರ ಇದ್ರು. ಒಬ್ಬ ಹುಡುಗಿ ತಾಯಿ ಇದ್ಲು, ಡಾಕ್ಟರು. ಹಳದಿ ಚೊಣ್ಣ ಹಾಕ್ಕೊಂಡ ನಿಂತಾಂವನ್ನ ತೋರಿಸಿ, ಇವ ನಮ್ಮಣ್ಣ ಅಂತ ಹೆಂಗ ಹೇಳ್ಲಿ? ನಾಚಿಕಿ ಬಂತು ನನಗ. ಇಪ್ಪತ್ತೆರಡ ವರ್ಷಾತು ಈ ಊರಿಗೆ ಬಂದು, ಯಾರ ಏನ ಅಂತಾರೋ ಅನ್ನೂದರಾಗ ದಿನಾ ಹೋಗ್ತಾವು. ಮನಿಗೆ ಬಂದು ಮಕ್ಕೊಂಡ್ರ ನಿದ್ದಿ ಹತ್ತಲಿಲ್ಲ. ಸಣ್ಣಾಕಿದ್ದಾಗ ನನ್ನ ಹೆಗಲ ಮ್ಯಾಲೆ ಹೊತ್ತು ಸಾಲಿಗೆ ಬಿಡತಿದ್ದಿ ನೀನು." ಚಾಕು ನಿಂತಿತು. "ಬೈ ಅಣ್ಣಾ. ಬೈದರ ಹಗರ ಆಗ್ತೈತಿ."

"ನಾನೂ ನಿನ್ನ ಕರೀಲಿಲ್ಲಲ್ಲ" ಎಂದರು ಸಾಬರು.

ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಜರೀನಾ ಕಣ್ಣೊರೆಸಿಕೊಂಡು ಈರುಳ್ಳಿ ಹಾಕಿದಳು.

"ಅಮ್ರೀನಗ ಹೇಳ್ಲೇನು?"

"ಬ್ಯಾಡ."

"ಯಾಕ? ಖುಷಿ ಪಡತಾಳು."

"ಈಗ ಆ ಚಿತ್ರದಾಗಿನ ಮನಿಷ್ಯಾ ಆಕಿಗೆ ಚೊಲೊ ಅನಸ್ಯಾನ. ಅಂವ ನಾನಂತ ಗೊತ್ತಾದ್ರ, ಪಾಪ ಅನಸ್ತಾನ. ಇರ್ಲಿ ಬಿಡು."

ಜರೀನಾ ಒಪ್ಪಲಿಲ್ಲ, ಆದರೂ ಮಗಳಿಗೆ ಹೇಳಲಿಲ್ಲ. ಸಂಜೆ ವಾಲ್ನಟ್ ಕ್ರೀಕಿನ ಸ್ಟೇಷನ್ನಿಗೆ ಬಿಡುವಾಗ ಅವಳು ಇಳಿದು ಬಂದು, ಜನರೆದುರೇ ಅಣ್ಣನ ತೋಳು ಹಿಡಿದುಕೊಂಡು ರೈಲು ಬರುವ ತನಕ ನಿಂತಳು.

ಆ ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾಗಲಿಲ್ಲ. ನಾಲ್ಕು ಆಟದ ಕಾರ್ಡುಗಳಲ್ಲಿ ಮೆಚ್ಚಿದವರು, ಮೆಚ್ಚದವರು ಸರಿಸಮ ಇದ್ದರಂತೆ. ಮುಂದಿನ ವರ್ಷದ ಜನವರಿಯಲ್ಲಿ ರಂಜನಿಯ ಕಂಪನಿಯೂ ಮುಚ್ಚಿತು. ಅವಳು ತನ್ನ ಸಾಮಾನಿನ ಡಬ್ಬ ಹಿಡಿದು ಅಂಗಡಿಗೆ ಬಂದು, ಕೊಲ್ಲಿಯ ಆಚೆ ಎಮರಿವಿಲ್ಲಿನ ಯಾವುದೋ ಕಡೆ ಕೆಲಸ ಸಿಗುವ ಹಾಗಿದೆ, ಬರ್ತಾ ಇರ್ತೀನಿ ಅಂಕಲ್ ಎಂದಳು. ಎರಡು ಸಲ ಬಂದಳು ಕೂಡ. ಆಮೇಲೆ ಎಮರಿವಿಲ್ಲಿನ ಕೆಲಸವೂ ಇಲ್ಲವಾಗಿ ಬೇರೆ ಊರಿಗೆ ಹೋದಳೆಂದು ಕಾಣುತ್ತದೆ, ಸುದ್ದಿ ಬರಲಿಲ್ಲ. ಇಂಟರ್ನೆಟ್ ಕಂಪನಿಗಳು ಒಂದರ ಹಿಂದೆ ಒಂದು ಮುಚ್ಚಿದಂತೆ, ಮಣೆಯ ಮೇಲೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ ಹುಡುಗರೂ ಒಬ್ಬೊಬ್ಬರಾಗಿ ಕಡಿಮೆಯಾದರು. ಅಂಚು ಮಡಿಸಿ ಇಸ್ತ್ರಿ ಮಾಡಿದ ಅವರ ಪ್ಯಾಂಟುಗಳು ಪ್ಲಾಸ್ಟಿಕ್ ಹೊದ್ದುಕೊಂಡು ತಿಂಗಳುಗಟ್ಟಲೆ ತಂತಿಯಲ್ಲಿ ತೂಗಿದವು. ಯಾರೂ ಬಂದು ಕೇಳಲಿಲ್ಲ. ಅಜ್ಜಿ ವಾರಕ್ಕೊಮ್ಮೆ ಅವುಗಳ ಧೂಳು ಹೊಡೆಯುತ್ತಿದ್ದಳು.

ಆ ವರ್ಷ ಜರೀನಾ ಒಂದು ರೂಢಿ ಮಾಡಿಕೊಂಡಳು. ಬ್ಯಾಂಕಿನಿಂದ ಮನೆಗೆ ಬಂದು, ನಾಲ್ಕೂವರೆಗೆ ಅಂಗಡಿಗೆ ಫೋನು ಮಾಡುತ್ತಿದ್ದಳು.

"ಏನ ಮಾಡಾಕತ್ತಿ ಅಣ್ಣಾ?"

"ಕೋಟಿಗೆ ಅಸ್ತರ ಹಚ್ಚಾಕತ್ತೀನಿ. ನೀ?"

"ಚಪಾತಿ ಹಿಟ್ಟ ನಾದಾಕತ್ತೀನಿ."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ದಿನಾ ಹೇಳುವಂಥದ್ದು ಏನಿರುತ್ತದೆ? ಆದರೂ ಫೋನು ಇಡುತ್ತಿರಲಿಲ್ಲ. ಜರೀನಾ ರಿಸೀವರನ್ನು ಹಿಟ್ಟಿನ ಪರಾತದ ಪಕ್ಕದಲ್ಲಿಟ್ಟು ಲಟ್ಟಿಸಲು ಶುರುಮಾಡುತ್ತಿದ್ದಳು. ಸಾಬರು ಮಷೀನಿನ ಹಲಗೆಯ ಮೇಲೆ ಇಟ್ಟು ಹೊಲಿಯುತ್ತಿದ್ದರು. ಅವಳಿಗೆ ಮಷೀನಿನ ಸದ್ದು, ಇವರಿಗೆ ಲಟ್ಟಣಿಗೆಯ ಸದ್ದು ಕೇಳಿಸುತ್ತಿತ್ತು. ಒಮ್ಮೊಮ್ಮೆ ಆಚೆಯಿಂದ ಅಮ್ರೀನಳ ದನಿ, "ಮಾಮ್, ಹೂ ಇಸ್ ಆನ್ ದ ಫೋನ್?" ಎಂದು ಬರುತ್ತಿತ್ತು. "ಮಾಮೂ" ಎಂದು ಜರೀನಾ ಹೇಳುತ್ತಿದ್ದಳು. ಸಾಬರು ಪೆಡಲಿನಿಂದ ಕಾಲು ತೆಗೆದು, ಹುಡುಗಿ ಏನಾದರೂ ಹೇಳುತ್ತಾಳೇನೋ ಎಂದು ಸ್ವಲ್ಪ ಹೊತ್ತು ಕೇಳುತ್ತಿದ್ದರು. ಮೆಟ್ಟಿಲು ಹತ್ತುವ ಸದ್ದು ಕೇಳಿಸಿದ ಮೇಲೆ ಮತ್ತೆ ಹೊಲಿಯಲು ತೊಡಗುತ್ತಿದ್ದರು.